ಫೋಟೋಗ್ರಾಫರರ ವಿಸಿಟಿಂಗ್ ಕಾರ್ಡು ಹೇಗಿರಬೇಕು?



ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ಛಾಯಾಗ್ರಹಣವನ್ನೇ ಉದ್ಯೋಗ ಮಾಡಿಕೊಂಡಿರುವ ಮಿತ್ರರಿಗಾಗಿ ಇಂದಿನ ಈ ಮಾತು. ಹೊಸ ಕ್ಯಾಮೆರಾ, ಹೊಸ ಲೆನ್ಸ್, ಡ್ರೋನ್ ಇವುಗಳ ಬಗ್ಗೆ ನೀವು ನಿತ್ಯ ಮಾತನಾಡುತ್ತೀರಿ. ಅವಕ್ಕೆ ಸಾಲ ಮಾಡಿಯಾದರೂ ಹಣ ಹೊಂದಿಸುತ್ತೀರಿ. ಆದರೆ ಕೆಲಸವನ್ನು ನಿಮ್ಮ ಬಾಗಿಲಿಗೆ ತರಬೇಕಾದ ಒಂದು ಚಿಕ್ಕ ಸಾಧನದ ಬಗ್ಗೆ ಯೋಚಿಸುವುದು ಕಡಿಮೆ. ಅದೇ ವಿಸಿಟಿಂಗ್ ಕಾರ್ಡು. ಅದರಲ್ಲಿ ಏನಿರಬೇಕು, ಏನನ್ನು ಬಿಡಬೇಕು, ಯಾವ ಕಾಗದ ಬಳಸಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಇಂದು ಫೋಟೋ ತೆಗೆಯುವ ಯಂತ್ರ ಎಲ್ಲರ ಜೇಬಿನಲ್ಲೂ ಇದೆ. ಸ್ಟುಡಿಯೋಕ್ಕೆ ಬಂದು ಕೂತು ಫೋಟೋ ತೆಗೆಸಿಕೊಳ್ಳುವವರು ಕಡಿಮೆಯಾಗಿದ್ದಾರೆ. ಉಳಿದಿರುವ ದೊಡ್ಡ ಕೆಲಸವೆಂದರೆ ಲಗ್ನ, ಕುಬಸ, ತೊಟ್ಟಿಲು, ಜವಳ, ವಾಸ್ತುಶಾಂತಿ, ಊರ ಜಾತ್ರೆ. ಇವಕ್ಕೂ ಬೆಳಗಾವಿ, ಹುಬ್ಬಳ್ಳಿಗಳಿಂದ ತಂಡಗಳು ಬರುತ್ತಿವೆ. ಅವರಿಗಿಲ್ಲದ ಒಂದು ಅನುಕೂಲ ನಿಮಗಿದೆ. ನೀವು ಅದೇ ಊರಿನವರು. ಲಗ್ನ ಮುಗಿದ ಮೇಲೂ, ಹತ್ತು ವರ್ಷ ಕಳೆದ ಮೇಲೂ ಗಿರಾಕಿಗೆ ಸಿಗುವವರು. ನಿಮ್ಮ ಕಾರ್ಡು ಈ ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕು. ಉಳಿದುದೆಲ್ಲ ಇದರ ಮುಂದಿನದು.

ಕಾರ್ಡು ಒಂದು ಕೈಯಿಂದ ಇನ್ನೊಂದು ಕೈಗೆ ಹೇಗೆ ಹೋಗುತ್ತದೆ, ಗಮನಿಸಿ. ನೀವು ಲಗ್ನದ ಮನೆಯಲ್ಲಿ ವಧುವಿನ ಸೋದರಮಾವನ ಕೈಗೆ ಒಂದು ಕಾರ್ಡು ಕೊಡುತ್ತೀರಿ. ಅವರು ಅದನ್ನು ಅಂಗಡಿಯ ಗಲ್ಲೆಯಲ್ಲೋ, ಮನೆಯ ಕನ್ನಡಿಯ ಚೌಕಟ್ಟಿನಲ್ಲೋ ಸಿಗಿಸಿಡುತ್ತಾರೆ. ಹತ್ತಿ ಮಾರಿ ಕೈಗೆ ನಾಲ್ಕು ಕಾಸು ಬಂದ ಮೇಲೆ ನೆರೆಮನೆಯಲ್ಲಿ ಲಗ್ನ ಗೊತ್ತಾಗುತ್ತದೆ. "ಮಾಮಾ, ನಿಮ್ಮನ್ಯಾಗಿನ ಲಗ್ನಕ್ಕ ಫೋಟೋ ತಗದವರ ನಂಬರ್ ಐತೇನ್ರಿ?" ಎಂದು ಹುಡುಗನೊಬ್ಬ ಬರುತ್ತಾನೆ. ಆಗ ಆ ಕಾರ್ಡು ಹೊರಗೆ ಬರುತ್ತದೆ. ಓದುವವನು ನಿಮ್ಮನ್ನು ಕಂಡವನಲ್ಲ. ನಿಮ್ಮ ಕಾರ್ಡಿನ ನಿಜವಾದ ಓದುಗ ಅವನೇ. ಅವನಿಗೆ ಬೇಕಾದ ಉತ್ತರ ನಾಲ್ಕು: ಇವರು ಯಾರು, ಏನು ಕೆಲಸ ಮಾಡುತ್ತಾರೆ, ಯಾವ ಊರು, ಯಾವ ನಂಬರು.

ಕಾರ್ಡಿಗೂ ಛಾಯಾಗ್ರಹಣಕ್ಕೂ ಹಳೆಯ ನಂಟು ಉಂಟು. 1854ರಲ್ಲಿ ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೇರಿ ಒಂದೇ ಗಾಜಿನ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ಕ್ರಮಕ್ಕೆ ಪೇಟೆಂಟ್ ಪಡೆದ. ಆ ಚಿತ್ರದ ಅಳತೆ ಸುಮಾರು 54 ಮಿಲಿಮೀಟರ್ ಅಗಲ, 89 ಮಿಲಿಮೀಟರ್ ಎತ್ತರ. ನಮ್ಮ ಇಂದಿನ ವಿಸಿಟಿಂಗ್ ಕಾರ್ಡು ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲ, ಎಂದರೆ ಸುಮಾರು 89 ಮತ್ತು 51 ಮಿಲಿಮೀಟರ್. ಹೆಚ್ಚು ಕಡಿಮೆ ಒಂದೇ ಅಳತೆ. ಆ ಚಿಕ್ಕ ಚಿತ್ರಗಳನ್ನು ದಪ್ಪ ರಟ್ಟಿನ ಮೇಲೆ ಅಂಟಿಸಿ ಜನ ಪರಸ್ಪರ ಹಂಚಿಕೊಳ್ಳುತ್ತಿದ್ದರು. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು, ವಿಳಾಸ ಅಚ್ಚಾಗಿರುತ್ತಿತ್ತು. ಎಷ್ಟೋ ಸ್ಟುಡಿಯೋಗಳು ನೆಗೆಟಿವನ್ನು ಜೋಪಾನವಾಗಿ ಇಟ್ಟಿದ್ದೇವೆ, ಪ್ರತಿ ಬೇಕಾದಾಗ ಕೇಳಿ ಎಂಬ ಅರ್ಥದ ಸಾಲನ್ನೂ ಹಾಕುತ್ತಿದ್ದವು. ಗಿರಾಕಿಯ ಮನೆಯಲ್ಲಿ ಉಳಿದ ಚಿತ್ರವೇ ಫೋಟೋಗ್ರಾಫರನ ಕಾರ್ಡೂ ಆಗಿತ್ತು.

ನಮ್ಮ ಹಳೆಯ ಸ್ಟುಡಿಯೋಗಳೂ ಇದನ್ನು ಬಲ್ಲವು. ಅಜ್ಜ ಅಜ್ಜಿಯ ಲಗ್ನದ ಫೋಟೋ ಮನೆಯ ಗೋಡೆಯ ಮೇಲಿದ್ದರೆ ಇಳಿಸಿ ನೋಡಿ. ರಟ್ಟಿನ ಮೂಲೆಯಲ್ಲಿ ಸ್ಟುಡಿಯೋದ ಹೆಸರು, ಊರು ಉಬ್ಬಚ್ಚಿನಲ್ಲಿ ಕಾಣಬಹುದು. ನೆಗೆಟಿವ್ ಇಟ್ಟ ಲಕೋಟೆಗೆ ಒಂದು ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆ ಹೇಳಿದರೆ ವರ್ಷಗಳ ಮೇಲೂ ಇನ್ನೊಂದು ಪ್ರತಿ ಸಿಗುತ್ತಿತ್ತು. ಈಗ ನೆಗೆಟಿವ್ ಇಲ್ಲ, ಹಾರ್ಡ್ ಡಿಸ್ಕ್ ಇದೆ. ಆದರೆ ಗಿರಾಕಿಯ ಕೈಯಲ್ಲಿ ಆ ಸಂಖ್ಯೆ ಉಳಿದಿಲ್ಲ. ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಹಾರ ಹಾಕಲು ಒಂದು ಒಳ್ಳೆಯ ಫೋಟೋ ಬೇಕಾಗುತ್ತದೆ. ಮೊಬೈಲು ಕೆಟ್ಟಿರುತ್ತದೆ ಅಥವಾ ಬದಲಾಗಿರುತ್ತದೆ. ಅವರು ನಗುತ್ತ ನಿಂತ ಒಂದೇ ಚಿತ್ರ ಆರು ವರ್ಷದ ಹಿಂದೆ ಯಾರದೋ ಲಗ್ನದಲ್ಲಿ ನೀವು ತೆಗೆದುದಾಗಿರುತ್ತದೆ. ಆ ಮನೆಯವರು ನಿಮ್ಮನ್ನು ಹುಡುಕುವುದು ಹೇಗೆ? ನೀವು ಆ ಚಿತ್ರವನ್ನು ಹುಡುಕುವುದು ಹೇಗೆ?

ಆದ್ದರಿಂದ ನನ್ನ ಮೊದಲ ಸಲಹೆ ಕಾರ್ಡಿನ ಹಿಂಬದಿಗೆ ಸಂಬಂಧಿಸಿದ್ದು. ಹಿಂಬದಿಯನ್ನು ಜಾಹೀರಾತಿನಿಂದ ತುಂಬಬೇಡಿ. ಅಲ್ಲಿ ಮೂರು ಗೆರೆ ಇರಲಿ: ಕಾರ್ಯಕ್ರಮ, ದಿನಾಂಕ, ಫೈಲ್ ನಂಬರ್. ಆಲ್ಬಮ್ ಒಪ್ಪಿಸುವ ದಿನ ಈ ಮೂರನ್ನೂ ನಿಮ್ಮ ಕೈಯಿಂದಲೇ ಬರೆದು, ಕಾರ್ಡನ್ನು ಆಲ್ಬಮ್ಮಿನ ಒಳರಟ್ಟಿಗೆ ಅಂಟಿಸಿ. ಅದೇ ನಂಬರಿನಲ್ಲಿ ನಿಮ್ಮ ಡಿಸ್ಕಿನ ಫೋಲ್ಡರ್ ಇರಲಿ. ಅದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇರಲಿ. ಎಷ್ಟು ವರ್ಷ ಇಡುತ್ತೀರಿ ಎಂಬುದನ್ನು ಗಿರಾಕಿಗೆ ಮೊದಲೇ ಹೇಳಿ, ಕಾರ್ಡಿನಲ್ಲೂ ಬರೆಯಿರಿ. ಇಡಲಾಗದ ಮಾತನ್ನು ಮಾತ್ರ ಅಚ್ಚು ಹಾಕಿಸಬೇಡಿ.

ಈಗ ಮುಂಬದಿ. ನಮ್ಮ ಕಡೆ ಕಾರ್ಡಿನ ನೆತ್ತಿಯ ಮೇಲೆ ಮನೆದೇವರ ಹೆಸರು ಹಾಕುವ ರೂಢಿಯಿದೆ. ಅದಕ್ಕೆ ಒಂದು ಸಾಲು, ಚಿಕ್ಕ ಅಕ್ಷರ ಸಾಕು. ಇರಲಿ. ಅದರ ಕೆಳಗೆ ಎಲ್ಲಕ್ಕಿಂತ ದೊಡ್ಡದಾಗಿ ಜನ ನಿಮ್ಮನ್ನು ಕರೆಯುವ ಹೆಸರು ಬರಲಿ. ಸ್ಟುಡಿಯೋದ ಹೆಸರಿನಿಂದ ಕರೆಯುತ್ತಾರೆಯೆ, ನಿಮ್ಮ ಹೆಸರಿನಿಂದ ಕರೆಯುತ್ತಾರೆಯೆ ನೋಡಿಕೊಳ್ಳಿ. ಎರಡನ್ನೂ ಸಮನಾಗಿ ದೊಡ್ಡದು ಮಾಡಿದರೆ ಕಣ್ಣು ಎರಡರಲ್ಲೂ ನಿಲ್ಲುವುದಿಲ್ಲ. ನಂತರ ಒಂದೇ ಸಾಲಿನಲ್ಲಿ ಕೆಲಸ. "ಎಲ್ಲ ಬಗೆಯ ಫೋಟೋ ಮತ್ತು ವಿಡಿಯೋ ಮಾಡಿಕೊಡಲಾಗುವುದು" ಎಂದರೆ ಓದುಗನಿಗೆ ಏನೂ ತಿಳಿಯದು. "ಲಗ್ನ, ಕುಬಸ, ಜವಳದ ಫೋಟೋ ಮತ್ತು ವಿಡಿಯೋ" ಎಂದರೆ ತಿಳಿಯುತ್ತದೆ. ರಾಮದುರ್ಗ ಕೈಮಗ್ಗದ ಊರು. ಅಲ್ಲಿ ಸೀರೆಗಳ ಫೋಟೋ ತೆಗೆದು ವ್ಯಾಪಾರಿಗಳಿಗೆ ಕೊಡುವವರಿದ್ದರೆ, "ಸೀರೆಯ ಬಣ್ಣ ಇದ್ದ ಹಾಗೆಯೇ" ಎಂಬ ನಾಲ್ಕು ಪದ ಹತ್ತು ಸೇವೆಗಳ ಪಟ್ಟಿಗಿಂತ ಹೆಚ್ಚು ಹೇಳುತ್ತವೆ.

ಫೋನ್ ನಂಬರು ಹೆಸರಿನಷ್ಟೇ ಮುಖ್ಯ. ಹತ್ತು ಅಂಕಿಗಳನ್ನು ಒತ್ತಾಗಿ ಹಾಕದೆ ಐದೈದಾಗಿ ಬಿಡಿಸಿ. ನಾವು ಬಾಯಲ್ಲಿ ಹೇಳುವಾಗಲೂ ಹಾಗೆಯೇ ಹೇಳುತ್ತೇವೆ. ಕನ್ನಡದ ಅಭಿಮಾನ ನನಗೂ ಉಂಟು. ಆದರೂ ನಂಬರನ್ನು ಮೊಬೈಲಿನ ಗುಂಡಿಗಳ ಮೇಲೆ ಇರುವ ಅಂಕಿಗಳಲ್ಲೇ ಹಾಕಿ. ಕನ್ನಡದ ೩ ಮತ್ತು ೬ ಚಿಕ್ಕ ಗಾತ್ರದಲ್ಲಿ ಒಂದೇ ತರಹ ಕಾಣುತ್ತವೆ. ಕರೆ ಬೇರೆ ಯಾರಿಗೋ ಹೋದರೆ ಕೆಲಸವೂ ಹೋದಂತೆ. ಒಂದು ನಂಬರು ಸಾಕು, ಹೆಚ್ಚೆಂದರೆ ಎರಡು.

ಊರಿನ ಹೆಸರು ಕನ್ನಡದಲ್ಲೇ ಇರಲಿ. ಇದಕ್ಕೆ ವ್ಯಾವಹಾರಿಕ ಕಾರಣವೂ ಇದೆ. ಇಂಗ್ಲಿಷಿನಲ್ಲಿ ಬರೆದರೆ ಅದೇ ಊರು ಒಂದು ಕಡೆ ಸವದತ್ತಿ, ಇನ್ನೊಂದು ಕಡೆ ಸೌಂದತ್ತಿ. ಒಂದು ಕಡೆ ರಾಮದುರ್ಗ, ಇನ್ನೊಂದು ಕಡೆ ರಾಮದುರ್ಗ್. ಕನ್ನಡದಲ್ಲಿ ಈ ಗೊಂದಲವಿಲ್ಲ. ಮನೆ ನಂಬರು, ವಾರ್ಡ್ ನಂಬರಿಗಿಂತ ಜನ ಬಲ್ಲ ಗುರುತು ಹಾಕಿ. ಬಸ್ ನಿಲ್ದಾಣದಿಂದ ಎಷ್ಟು ದೂರ, ಬೈಲಹೊಂಗಲವಾದರೆ ರಾಣಿ ಚನ್ನಮ್ಮನ ಸಮಾಧಿಯಿಂದ ಯಾವ ಕಡೆ, ಕಿತ್ತೂರಾದರೆ ಕೋಟೆಯಿಂದ ಯಾವ ಕಡೆ, ಇಷ್ಟು ಸಾಕು.

ಆದರೆ ಕನ್ನಡ ಅಚ್ಚಿನಲ್ಲಿ ಒಂದು ಎಚ್ಚರಿಕೆ ಬೇಕು. ಈ ನಾಲ್ಕು ಊರುಗಳ ಹೆಸರೇ ಯಾವುದೇ ಕನ್ನಡ ಫಾಂಟಿಗೆ ಒಂದು ಪರೀಕ್ಷೆ. ಬೈಲಹೊಂಗಲದ 'ಬೈ' ಅಕ್ಷರಕ್ಕೆ ಕೆಳಗೆ ಬಾಲವಿದೆ. ಕಿತ್ತೂರಿನಲ್ಲಿ ತಕಾರದ ಒತ್ತು ಮತ್ತು ದೀರ್ಘ ಎರಡೂ ಒಟ್ಟಿಗೆ ಬರುತ್ತವೆ. ಸವದತ್ತಿಯಲ್ಲಿ ಗುಡಿಸು ಮೇಲೆ, ಒತ್ತು ಕೆಳಗೆ. ರಾಮದುರ್ಗದಲ್ಲಿ ಅರ್ಕಾವೊತ್ತು ಗಕಾರದ ಬಲಕ್ಕೆ ಬರಬೇಕು. ನೀವು ಮೊಬೈಲಿನಲ್ಲಿ ಟೈಪು ಮಾಡಿದ್ದು ಯುನಿಕೋಡ್. ಮುದ್ರಣಾಲಯದ ಹಳೆಯ ತಂತ್ರಾಂಶ ಅದನ್ನು ಅರಿಯದಿದ್ದರೆ ಒತ್ತಕ್ಷರ ಬಿಚ್ಚಿಕೊಂಡು ಬೀಳುತ್ತದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಬೇರೆ ಏನೋ ಆಗಬಹುದು. ಬೆಳಗಾವಿಗೋ ಗದಗಿಗೋ ಅಚ್ಚಿಗೆ ಕಳಿಸುವ ಮೊದಲು ಅಕ್ಷರಗಳನ್ನು ರೇಖಾಚಿತ್ರವಾಗಿ, ಡಿ.ಟಿ.ಪಿ.ಯವರ ಮಾತಿನಲ್ಲಿ 'ಕರ್ವ್ಸ್' ಆಗಿ, ಬದಲಾಯಿಸಿ ಕಳಿಸಲು ಹೇಳಿ. ಹೇಳಿದ ಮೇಲೂ ಒಂದು ಪ್ರೂಫ್ ನೋಡದೆ ಒಪ್ಪಿಗೆ ಕೊಡಬೇಡಿ.

ಅಕ್ಷರದ ಗಾತ್ರವೂ ಮುಖ್ಯ. ಇಂಗ್ಲಿಷಿನ ಅಕ್ಷರ ಏಳು ಪಾಯಿಂಟಿನಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ಒಂದು ಪಾಯಿಂಟ್ ಎಂದರೆ ಇಂಚಿನ 72ನೆಯ ಒಂದು ಭಾಗ. ಕನ್ನಡದಲ್ಲಿ ಪ ಮತ್ತು ಷ, ದ ಮತ್ತು ಧ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟಿನದು. ಶಾಯಿ ತುಸು ಹರಡಿದರೂ ಆ ಗೀಟು ಮುಚ್ಚಿಹೋಗುತ್ತದೆ. ಒಂಬತ್ತು ಪಾಯಿಂಟಿಗಿಂತ ಕಡಿಮೆ ಬೇಡ. ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ದೂರದರ್ಶನದಲ್ಲಿ ಪರದೆಯ ಮೇಲೆ ಹೆಸರು ಮೂಡಿಸುವಾಗ ನಾವು ಎರಡು ನಿಯಮ ಪಾಲಿಸುತ್ತೇವೆ. ಎರಡೂ ನಿಮ್ಮ ಕಾರ್ಡಿಗೆ ಒಗ್ಗುತ್ತವೆ. ಮೊದಲನೆಯದು, ಅಕ್ಷರವನ್ನು ಅಂಚಿನವರೆಗೆ ಒಯ್ಯಬಾರದು. ಹಳೆಯ ಟಿ.ವಿ.ಗಳಲ್ಲಿ ಚಿತ್ರದ ಅಂಚು ಚೌಕಟ್ಟಿನ ಹಿಂದೆ ಮರೆಯಾಗುತ್ತಿತ್ತು. ಕಾರ್ಡಿನಲ್ಲಿ ಆ ಕೆಲಸವನ್ನು ಕತ್ತರಿಸುವ ಯಂತ್ರ ಮಾಡುತ್ತದೆ. ನೂರಾರು ಕಾರ್ಡುಗಳನ್ನು ಒಟ್ಟಿಗೆ ಕತ್ತರಿಸುವಾಗ ಅಲಗು ಕೂದಲೆಳೆ ಆಚೀಚೆ ಆಗಿಯೇ ಆಗುತ್ತದೆ. ಅಂಚಿನಿಂದ ಒಳಗೆ ನಾಲ್ಕೈದು ಮಿಲಿಮೀಟರ್ ಖಾಲಿ ಇರಲಿ. ಬಣ್ಣ ಅಂಚಿನವರೆಗೆ ಬೇಕಿದ್ದರೆ ಅದನ್ನು ಅಂಚಿನಿಂದ ಹೊರಗೆ ಮೂರು ಮಿಲಿಮೀಟರ್ ಚಾಚಿ ಕೊಡಿ. ಎರಡನೆಯದು, ಗದ್ದಲದ ಚಿತ್ರದ ಮೇಲೆ ನೇರವಾಗಿ ಅಕ್ಷರ ಹಾಕಬಾರದು. ಹಾಕಲೇಬೇಕಾದರೆ ಹಿಂದೆ ಒಂದೇ ಬಣ್ಣದ ಪಟ್ಟಿ ಕೊಡುತ್ತೇವೆ.

ಈ ಎರಡನೆಯ ನಿಯಮ ಫೋಟೋಗ್ರಾಫರರಿಗೆ ಕಹಿ ಎನಿಸಬಹುದು. ತಾನು ತೆಗೆದ ಒಳ್ಳೆಯ ಚಿತ್ರವನ್ನು ಕಾರ್ಡಿನ ಮೇಲೆ ಹಾಕುವ ಆಸೆ ಯಾರಿಗಿಲ್ಲ? ಆದರೆ ಎರಡು ಇಂಚಿನ ಅಗಲದಲ್ಲಿ ಲಗ್ನದ ಮಂಟಪ ಮಂಟಪವಾಗಿ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮದುಮಗಳ ಮುಖವಿರುವ ಕಾರ್ಡು ನೀವು ಕೊಟ್ಟವರ ಕೈಯಲ್ಲೇ ನಿಲ್ಲುವುದಿಲ್ಲ. ಅದು ಚಹಾದಂಗಡಿಯ ಮೇಜಿಗೂ ಹೋಗುತ್ತದೆ, ಬಸ್ಸಿನ ಸೀಟಿಗೂ ಹೋಗುತ್ತದೆ. ಆ ಹೆಣ್ಣುಮಗಳು ಒಪ್ಪಿದ್ದಾಳೆಯೆ? ಅವಳ ಮನೆಯವರನ್ನು ಕೇಳಿದ್ದೀರಾ? ಕಾನೂನೂ ಇಲ್ಲಿ ಸುಮ್ಮನಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕುದಾರ ತೆಗೆಸಿಕೊಂಡವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ತೆಗೆದವರಲ್ಲ. ಆದ್ದರಿಂದ ಗಿರಾಕಿಯ ಫೋಟೋವನ್ನು ಕಾರ್ಡಿಗೋ ಫಲಕಕ್ಕೋ ಬಳಸಬೇಕಾದರೆ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಸಿಗದಿದ್ದರೆ ಬಿಟ್ಟುಬಿಡಿ. ಒಂದು ಚಿತ್ರದಿಂದ ಒಂದು ಮನೆತನದ ವಿಶ್ವಾಸ ಕಳೆದುಕೊಂಡರೆ, ಸಣ್ಣ ಊರಿನಲ್ಲಿ ಆ ಓಣಿಯ ಕೆಲಸವೆಲ್ಲ ಹೋಗುತ್ತದೆ.

ಹಾಗಾದರೆ ಯಾವ ಚಿತ್ರವೂ ಬೇಡವೆ? ಒಂದು ಚಿತ್ರ ಹಾಕಬಹುದು. ಅದು ನಿಮ್ಮದೇ ಮುಖ. ಲಗ್ನದ ಗದ್ದಲದಲ್ಲಿ ಜನರಿಗೆ ಹೆಸರು ನೆನಪಿರುವುದಿಲ್ಲ, ಮುಖ ನೆನಪಿರುತ್ತದೆ. ಎಲ್ಲರ ಕಾರ್ಡಿನಲ್ಲೂ ಇರುವ ಕ್ಯಾಮೆರಾದ ಗೊಂಬೆಗಿಂತ ಒಂದು ಅಂಗುಲದ ನಿಮ್ಮ ಸ್ವಚ್ಛ ಫೋಟೋ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅದನ್ನು ಸಿದ್ಧಪಡಿಸಿ.

ಬಣ್ಣದ ಬಗ್ಗೆ ಒಂದು ಮಾತು. ಕಂಪ್ಯೂಟರಿನ ಪರದೆ ಬೆಳಕನ್ನು ಸೂಸುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳು ಕೂಡಿ ಬಣ್ಣವಾಗುತ್ತವೆ. ಕಾಗದದ ಮೇಲಿನ ಶಾಯಿ ಬೆಳಕನ್ನು ಹೀರುತ್ತದೆ. ಸಯಾನ್, ಮಜೆಂಟಾ, ಹಳದಿ ಮತ್ತು ಕಪ್ಪು ಶಾಯಿಗಳು ಹೀರಿ ಉಳಿಸಿದ ಬೆಳಕು ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ. ಅದಕ್ಕೇ ಪರದೆಯ ಮೇಲೆ ಹೊಳೆದ ಹಸಿರು ಕಾರ್ಡಿನಲ್ಲಿ ಮಂಕಾಗುವುದು. ಈಚೆಗೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರದ ಕಾರ್ಡು ಬಹಳ ಜನಕ್ಕೆ ಇಷ್ಟ. ಗಾಢ ಕಪ್ಪಿಗಾಗಿ ನಾಲ್ಕೂ ಶಾಯಿ ಒಂದರ ಮೇಲೊಂದು ಬೀಳುತ್ತವೆ. ಅವುಗಳಲ್ಲಿ ಒಂದು ತುಸು ಸರಿದರೂ ಬಿಳಿಯ ಸಣ್ಣ ಅಕ್ಷರದ ಒಳಗೆ ಬಣ್ಣ ನುಗ್ಗಿ ಒತ್ತಕ್ಷರ ತುಂಬಿಹೋಗುತ್ತದೆ. ತಿಳಿ ನೆಲದ ಮೇಲೆ ಒಂದೇ ಕಪ್ಪು ಶಾಯಿಯ ಅಕ್ಷರ ಈ ತೊಂದರೆಗೆ ಸಿಗುವುದಿಲ್ಲ.

ಇನ್ನು ಕಾಗದ. ಎಲ್ಲ ಊರಿಗೂ ಒಂದೇ ಕಾಗದ ಹೊಂದದು. ಲಗ್ನದ ಕೆಲಸ ಮಾಡುವವರಿಗೆ 300 ಜಿ.ಎಸ್.ಎಂ., ಎಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ನಯಗಾರೆ ಇಲ್ಲದ ಕಾರ್ಡು ಒಳ್ಳೆಯದು. ಅದರ ಮೇಲೆ ಬಾಲ್‌ಪೆನ್ನಿನಿಂದ ಫೈಲ್ ನಂಬರ್ ಬರೆಯಬಹುದು. ಸವದತ್ತಿಯ ಯಲ್ಲಮ್ಮನಗುಡ್ಡದಲ್ಲಿ ಕೆಲಸ ಮಾಡುವವರ ಪರಿಸ್ಥಿತಿ ಬೇರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಅಲ್ಲಿ ಭಂಡಾರ ಗಾಳಿಯಲ್ಲೇ ತೇಲುತ್ತಿರುತ್ತದೆ. ಬರಿಯ ಕಾಗದದ ಕಾರ್ಡು ಅರ್ಧ ದಿನದಲ್ಲಿ ಹಳದಿಯಾಗುತ್ತದೆ. ಅವರಿಗೆ ಲ್ಯಾಮಿನೇಷನ್ ಬೇಕು. ಆದರೆ ಒಂದೇ ಬದಿಗೆ ಮಾಡಿಸಿದರೆ ಮಳೆಗಾಲದಲ್ಲಿ ಕಾರ್ಡು ಬಾಗುತ್ತದೆ. ಕಾಗದದ ನಾರು ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಪೊರೆ ಹಿಗ್ಗುವುದಿಲ್ಲ, ಅದಕ್ಕೆ. ಎರಡೂ ಬದಿಗೆ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, ಸಿ.ಡಿ. ಮೇಲೆ ಬರೆಯುವ ಮಾರ್ಕರಿನಿಂದ ಬರೆಯಿರಿ.

ಗುಡ್ಡದ ಭಕ್ತರಲ್ಲಿ ಮಹಾರಾಷ್ಟ್ರದಿಂದ ಬರುವವರು ಬಹಳ. ಅವರು ಊರಿಗೆ ಮರಳಿದ ಮೇಲೆ ಫೋಟೋ ಕಳಿಸಿ ಎಂದು ಕೇಳಬೇಕಾದವರು. ಆದ್ದರಿಂದ ಅಲ್ಲಿನ ಕಾರ್ಡಿನ ಹಿಂಬದಿಯಲ್ಲಿ, ಬರೆಯುವ ಗೆರೆಗಳ ಮೇಲ್ಗಡೆ, ಹೆಸರು ಮತ್ತು ಊರು ಮರಾಠಿಯಲ್ಲೂ ಒಂದು ಸಾಲು ಇರಲಿ. ಕಿತ್ತೂರಿನಲ್ಲೂ ಇದೇ ಮಾತು. 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಅಕ್ಟೋಬರದಲ್ಲಿ ನಡೆಯುವ ಕಿತ್ತೂರು ಉತ್ಸವಕ್ಕೆ ಬೇರೆ ಬೇರೆ ಜಿಲ್ಲೆಗಳಿಂದ ಜನ ಬರುತ್ತಾರೆ. ಕೋಟೆಯ ಮುಂದೆ ಅವರ ಫೋಟೋ ತೆಗೆದು ಕೊಡುವವರ ಕಾರ್ಡಿನಲ್ಲಿ ತಾಲ್ಲೂಕು, ಜಿಲ್ಲೆ ಎರಡೂ ಇರಬೇಕು. ಊರಿನವನಿಗೆ ಅದು ಬೇಡ, ದೂರದಿಂದ ಬಂದವನಿಗೆ ಬೇಕು.

ಈಗ ಎಲ್ಲ ಕಾರ್ಡುಗಳಲ್ಲೂ ಕ್ಯೂ.ಆರ್. ಕೋಡ್ ಕಾಣುತ್ತೇವೆ. 1994ರಲ್ಲಿ ಜಪಾನಿನ ಡೆನ್ಸೋ ವೇವ್ ಸಂಸ್ಥೆ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ರೂಪಿಸಿತು. ಹಾಕಬಹುದು, ಆದರೆ ನಾಲ್ಕು ವಿಷಯ ನೆನಪಿಡಿ. ಒಂದು, ಅದು ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು. ಎರಡು, ಸುತ್ತ ಖಾಲಿ ಜಾಗ ಬೇಕು, ಒಳಗಿನ ಒಂದು ಚಿಕ್ಕ ಚೌಕದ ನಾಲ್ಕರಷ್ಟು ಅಗಲ. ಮೂರು, ತಿಳಿ ನೆಲದ ಮೇಲೆ ಕಪ್ಪು ಇರಲಿ. ನಾಲ್ಕು, ಕೋಡಿನ ಒಳಗೆ ನಿಮ್ಮ ಹೆಸರು ಮತ್ತು ನಂಬರನ್ನೇ ನೇರವಾಗಿ ತುಂಬಿಸಿ. ಯಾವುದೋ ಕಂಪನಿಯ ಉಚಿತ ಕೊಂಡಿಯ ಮೂಲಕ ಹೋಗುವ ಕೋಡು, ಆ ಕಂಪನಿ ಕೈಬಿಟ್ಟ ದಿನ ಬರಿಯ ಕಪ್ಪು ಬಿಳುಪಿನ ಚೌಕವಾಗಿ ಉಳಿಯುತ್ತದೆ. ಹಣ ಪಾವತಿಯ ಕೋಡನ್ನು ಇದರ ಪಕ್ಕದಲ್ಲಿ ಹಾಕಬೇಡಿ, ಜನ ಯಾವುದು ಯಾವುದೆಂದು ಗೊಂದಲಪಡುತ್ತಾರೆ. ಕೋಡು ಇದ್ದರೂ ನಂಬರು ಅಕ್ಷರದಲ್ಲಿ ಇರಲೇಬೇಕು.

ಪೂರ್ತಿ ಅಚ್ಚಿಗೆ ಕೊಡುವ ಮೊದಲು ಪ್ರೂಫಿನ ಮೇಲೆ ಮೂರು ಪರೀಕ್ಷೆ ಮಾಡಿ. ಸಂಜೆ ದೀಪದ ಬೆಳಕಿನಲ್ಲಿ, ಕನ್ನಡಕ ಹಾಕುವ ಮನೆಯ ಹಿರಿಯರ ಕೈಗೆ ಕೊಟ್ಟು ನಂಬರ್ ಓದಿಸಿ. ಕಪ್ಪು ಬಿಳುಪು ಝೆರಾಕ್ಸ್ ತೆಗೆದು, ಎಲ್ಲ ಸಾಲೂ ಉಳಿದಿದೆಯೆ ನೋಡಿ. ಬಣ್ಣದ ಬಲದಿಂದ ಮಾತ್ರ ನಿಂತ ಅಕ್ಷರ ಅಲ್ಲಿ ಮಾಯವಾಗುತ್ತದೆ. ಕೊನೆಗೆ, ನಿಮ್ಮನ್ನು ಅರಿಯದ ಒಬ್ಬರಿಗೆ ಕಾರ್ಡು ತೋರಿಸಿ ಐದು ಎಣಿಸುವಷ್ಟರಲ್ಲಿ ತೆಗೆದುಕೊಳ್ಳಿ. ಯಾರು, ಏನು ಕೆಲಸ, ಯಾವ ಊರು ಎಂದು ಕೇಳಿ. ಮೂರಕ್ಕೂ ಉತ್ತರ ಬಂದರೆ ಅಚ್ಚಿಗೆ ಕೊಡಿ. ಮೊದಲ ಸಲ ಸಾವಿರ ಬೇಡ, ಇನ್ನೂರು ಸಾಕು. ಒಂದು ಲಗ್ನದ ಸುಗ್ಗಿ ಕಳೆದ ಮೇಲೆ ತಿದ್ದಿ ಮತ್ತೆ ಮಾಡಿಸಿ. ನಂಬರನ್ನು ಮಾತ್ರ ಬದಲಿಸಬೇಡಿ. ಕನ್ನಡಿಯ ಚೌಕಟ್ಟುಗಳಲ್ಲಿ, ಆಲ್ಬಮ್ಮಿನ ಒಳರಟ್ಟುಗಳಲ್ಲಿ ಕೂತಿರುವ ಹಳೆಯ ಕಾರ್ಡುಗಳು ಆ ನಂಬರನ್ನು ನಂಬಿಕೊಂಡಿರುತ್ತವೆ.

ಈ ವಾರ ಬಿಡುವು ಸಿಕ್ಕಾಗ ನಿಮ್ಮ ಈಗಿನ ಕಾರ್ಡನ್ನು ತೆಗೆದು, ಅಪರಿಚಿತರ ಕಣ್ಣಿನಿಂದ ಒಮ್ಮೆ ಓದಿ ನೋಡಿ. ತಿದ್ದಬೇಕಾದುದು ಏನೆಂದು ನಿಮಗೇ ಹೊಳೆಯುತ್ತದೆ. ನಿಮ್ಮ ಉದ್ಯೋಗಕ್ಕೆ ಒಳ್ಳೆಯದಾಗಲಿ.